ಅಕ್ಕನಿಗೆ ಚೆನ್ನಾಗಿಲ್ಲ ಎಂದ ಪಿಕ್ಚರುಗಳು

ಹಳೆಯ ಪಿಕ್ಚರುಗಳಲ್ಲಿ ನೋಡುವಂಥದ್ದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಮೂರನ್ನು ಹೇಳುತ್ತೇನೆ. ಕೊಡೆ ಪಿಕ್ಚರು, ಓರಗಿತ್ತಿಯರ ಪಿಕ್ಚರು, ದೋಣಿ ಪಿಕ್ಚರು. ಇವು ಅವುಗಳ ನಿಜವಾದ ಹೆಸರಲ್ಲ. ಎರಡು ತಮಿಳಿನವು, ಒಂದು ತೆಲುಗಿನದು. ಗೋಡೆಗೆ ಅಂಟಿಸುತ್ತಿದ್ದ ಕಾಗದವನ್ನು ಓದಲು ನನಗೆ ಬರುತ್ತಿರಲಿಲ್ಲ. ನಾನು ಕಲಿತದ್ದು ನಾಲ್ಕನೇ ಕ್ಲಾಸು, ಅದೂ ಕನ್ನಡ ಮಾತ್ರ. ನೋಡಿ ಬಂದ ಮೇಲೆ ನಮಗೆ ತೋಚಿದ ಹೆಸರನ್ನು ನಾವೇ ಇಟ್ಟುಕೊಳ್ಳುತ್ತಿದ್ದೆವು. ಈ ಮೂರನ್ನು ನೋಡಿದ್ದೇನೆ ಎನ್ನುವವರು ನನಗೆ ಇವತ್ತಿನವರೆಗೂ ಸಿಕ್ಕಿಲ್ಲ. ಭದ್ರಾವತಿಯ ಟೆಂಟಿಗೆ ಬಂದವು, ಜನ ಸೇರಲಿಲ್ಲ, ಬಂದ ಹಾಗೆ ಹೋದವು. ಜನ ಸೇರದೆ ಇದ್ದದ್ದರಲ್ಲಿ ನನ್ನದೂ ಒಂದು ಪಾಲಿದೆ. ಮೂರನ್ನೂ ನಾನು ಅಕ್ಕನಿಗೆ ಚೆನ್ನಾಗಿಲ್ಲ ಎಂದು ಹೇಳಿದ್ದೆ.

ನಾವು ಆಗ ಭದ್ರಾವತಿಯ ಜನ್ನಾಪುರದಲ್ಲಿ ಒಂದು ಬಾಡಿಗೆ ಮನೆಯಲ್ಲಿದ್ದೆವು. ಅಪ್ಪ ಊರಿನ ಗದ್ದೆಯನ್ನು ತನ್ನ ತಮ್ಮನಿಗೆ ಒಪ್ಪಿಸಿ ಕಬ್ಬಿಣದ ಕಾರ್ಖಾನೆ ಸೇರಿದ್ದ. ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಮುಂದೆ ಒಂದು ಕಟ್ಟೆ. ಕೋಣೆಯಲ್ಲಿ ಅಮ್ಮನ ಮಂಚ. ನಾನು ದೊಡ್ಡವಳಾದ ವರ್ಷವೇ ಅಮ್ಮನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಯಿತು, ಮಾತು ನಿಂತಿತು. ಎಡಗೈ ಮತ್ತು ಕಣ್ಣು ಉಳಿದವು. ಬುದ್ಧಿಗೆ ಏನೂ ಆಗಿರಲಿಲ್ಲ. ಅದು ನಮಗೆ ಗೊತ್ತಿತ್ತು, ಗೊತ್ತಿದ್ದೂ ಮರೆಯುತ್ತಿದ್ದೆವು.

ಉಗುಳು ಗಂಟಲಲ್ಲಿ ನಿಂತರೆ ತಾನಾಗಿ ಹೊರಳಲು ಅಮ್ಮನಿಗೆ ಆಗುತ್ತಿರಲಿಲ್ಲ. ಆದ್ದರಿಂದ ಅಕ್ಕ ಇಲ್ಲವೇ ನಾನು, ಇಬ್ಬರಲ್ಲಿ ಒಬ್ಬರು ಸದಾ ಮನೆಯಲ್ಲಿ ಇರಲೇಬೇಕು. ಅಪ್ಪ ಇದ್ದರೂ ಇಲ್ಲದ ಹಾಗೆಯೇ. ಹೆಂಡತಿಯನ್ನು ಹೊರಳಿಸುವುದು, ಸೀರೆ ಬದಲಿಸುವುದು ಗಂಡಸಿನ ಕೈಯಲ್ಲಿ ಆಗುವ ಕೆಲಸ ಎಂದು ಅವನಿಗೂ ಅನ್ನಿಸಲಿಲ್ಲ, ನಮಗೂ ಅನ್ನಿಸಲಿಲ್ಲ. ಕಾರ್ಖಾನೆಯ ಕೂಗು ಕೇಳಿದರೆ ಅಲ್ಲಿ ಪಾಳಿ ಬದಲಾಗುತ್ತಿತ್ತು. ಅದೇ ಕೂಗಿಗೆ ನಮ್ಮ ಮನೆಯಲ್ಲೂ ಬದಲಾಗುತ್ತಿತ್ತು. ಅಕ್ಕ ಬಾವಿಗೆ ಹೋದರೆ ನಾನು ಮಂಚದ ಹತ್ತಿರ, ನಾನು ಸೌದೆಗೆ ಹೋದರೆ ಅಕ್ಕ ಮಂಚದ ಹತ್ತಿರ. ಅಕ್ಕ ತಂಗಿ ಇಬ್ಬರೂ ಜೊತೆಯಾಗಿ ಹೊಸಿಲು ದಾಟಿದ್ದು ಆ ವರ್ಷಗಳಲ್ಲಿ ನನಗೆ ನೆನಪಿಲ್ಲ. ಹಬ್ಬಕ್ಕೆ ದೇವಸ್ಥಾನಕ್ಕೆ ಹೋದರೂ ಒಬ್ಬರು ಹೋಗಿ ಬಂದು, ಕುಂಕುಮ ತಂದು ಇನ್ನೊಬ್ಬರ ಹಣೆಗೆ ಇಡುವುದು.

ಪಿಕ್ಚರೂ ಹಾಗೆಯೇ. ಮಳೆಗಾಲ ಮುಗಿದ ಮೇಲೆ ಸಂತೆ ಮೈದಾನದಲ್ಲಿ ಟೆಂಟು ಎದ್ದಿತೆಂದರೆ ಮತ್ತೆ ಮಳೆ ಬರುವವರೆಗೂ ಇರುತ್ತಿತ್ತು. ಎತ್ತಿನ ಗಾಡಿಗೆ ಎರಡೂ ಕಡೆ ಚಿತ್ರದ ಹಲಗೆ ಕಟ್ಟಿ, ತಮಟೆ ಬಾರಿಸುತ್ತಾ ಬೀದಿಬೀದಿ ಬರುತ್ತಿದ್ದರು. ವಯಸ್ಸಿಗೆ ಬಂದ ಹುಡುಗಿಯರು ಒಂಟಿಯಾಗಿ ಹೋಗುವ ಹಾಗಿಲ್ಲ. ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ತಮಿಳಮ್ಮ ಇದ್ದಳು. ಅವಳ ಗಂಡನೂ ಕಾರ್ಖಾನೆಯವನೇ. ಮಕ್ಕಳಿರಲಿಲ್ಲ, ಪಿಕ್ಚರೆಂದರೆ ಹುಚ್ಚು, ಒಂದೊಂದನ್ನು ಎರಡು ಮೂರು ಸಲ ನೋಡುವವಳು, ತಿಳಿಯದ ಮಾತನ್ನು ಪಕ್ಕದವರಿಗೆ ಕನ್ನಡದಲ್ಲಿ ಹೇಳುವವಳು. ಅವಳ ಜೊತೆ ಹೋಗಬಹುದೆಂದು ಅಪ್ಪ ಒಪ್ಪಿದ. ಒಂದು ಪಿಕ್ಚರಿಗೆ ಎರಡು ಸಂಜೆ, ಒಬ್ಬೊಬ್ಬರಿಗೆ ಒಂದೊಂದು, ಅದಕ್ಕಿಂತ ಹೆಚ್ಚಿಲ್ಲ ಎಂದ.

ಮೊದಲ ಸಂಜೆಯನ್ನು ಅಕ್ಕ ತಾನಾಗಿ ನನಗೆ ಬಿಟ್ಟುಕೊಟ್ಟಳು.

"ನೀನು ಮೊದಲು ನೋಡ್ಕೊಂಡು ಬಾ ಕಣೇ. ಚೆನ್ನಾಗಿದ್ರೆ ಹೇಳು, ಆಮೇಲೆ ನಾನು ಹೋಗ್ತೀನಿ. ಕೆಲಸಕ್ಕೆ ಬಾರದ್ದಕ್ಕೆಲ್ಲ ಅಮ್ಮನ್ನ ಬಿಟ್ಟು ಹೋಗೋಕೆ ನನಗೆ ಮನಸ್ಸು ಬರಲ್ಲ."

ಅಕ್ಕ ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಶಾಲೆಗೆ ಹೋದವಳೇ ಅಲ್ಲ. ನಾನು ನಾಲ್ಕನೇ ಕ್ಲಾಸು ಓದಿದ್ದೆ ಎಂಬುದು ಅವಳಿಗೆ ದೊಡ್ಡ ವಿಷಯ. ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ನನಗೆ ಗೊತ್ತಾಗುತ್ತದೆ ಎಂದು ನಂಬಿದ್ದಳು.

ಮೊದಲ ಕೆಲವು ಪಿಕ್ಚರಿಗೆ ನಾನು ನಿಜವನ್ನೇ ಹೇಳಿದೆ. ಆಮೇಲೆ ಕೊಡೆ ಪಿಕ್ಚರು ಬಂತು.

ಅದರಲ್ಲಿ ಒಬ್ಬ ಬಡ ಮೇಷ್ಟ್ರು. ಒಂದು ಮಳೆಯ ದಿನ ಸಂತೆಯಲ್ಲಿ ಯಾರೋ ಒಬ್ಬ ಹೆಂಗಸು ಅವನ ಕೈಗೆ ತನ್ನ ಕೊಡೆ ಕೊಟ್ಟು, "ಮುಂದಿನ ಸಂತೆಗೆ ತಂದುಕೊಡಿ" ಎಂದು ಹೇಳಿ ಹೋಗುತ್ತಾಳೆ. ಮುಂದಿನ ಸಂತೆಗೆ ಅವಳು ಬರುವುದಿಲ್ಲ. ಅವನು ಊರೂರಿಗೆ ಆ ಕೊಡೆ ಹಿಡಿದು ಹೋಗಿ ಕೇಳುತ್ತಾನೆ. ಮಳೆ ಬಂದರೂ ಬಿಚ್ಚುವುದಿಲ್ಲ, ಅದು ತನ್ನದಲ್ಲವಲ್ಲ, ನೆನೆದುಕೊಂಡೇ ನಡೆಯುತ್ತಾನೆ. ದೇವರು ಬರುವುದಿಲ್ಲ, ಕತ್ತಿ ಯುದ್ಧವಿಲ್ಲ, ಹಾಡು ಕೂಡ ಕಡಿಮೆ. ಗಂಡಸರ ಕಡೆಯಿಂದ ಸಿಳ್ಳೆ, ಬೈಗುಳ. ಮಧ್ಯದಲ್ಲಿ ರೀಲು ಬದಲಿಸುವಾಗ ಅರ್ಧ ಜನ ಎದ್ದುಹೋದರು. ಕೊನೆಗೆ ಅವನಿಗೆ ಒಂದು ಮನೆ ಸಿಗುತ್ತದೆ. ಬಾಗಿಲಿಗೆ ಬೀಗ. ಅವನು ಕಟ್ಟೆಯ ಮೇಲೆ ಕೊಡೆಯನ್ನು ಬಿಚ್ಚಿ ಇಟ್ಟು ಹೊರಟುಹೋಗುತ್ತಾನೆ. ಮಳೆ ಶುರುವಾಗುತ್ತದೆ. ಮನುಷ್ಯರು ಯಾರೂ ಇಲ್ಲ, ಬರೀ ಕೊಡೆ, ಅದರ ಮೇಲೆ ಮಳೆ. ಅಷ್ಟೇ.

ನಾನು ಮರಳಿನ ಮೇಲೆ ಕೂತಿದ್ದವಳು ಏಳಲಿಲ್ಲ. ತಮಿಳಮ್ಮ ಮೂಗು ಒರೆಸಿಕೊಳ್ಳುತ್ತಾ, "ಎದ್ದೇಳಡೀ ಕಣ್ಣು, ಟೆಂಟಿನವನು ನಮ್ಮನ್ನೂ ಸೇರಿಸಿ ಮಡಚಿಬಿಡ್ತಾನೆ" ಎಂದಳು.

ಮಾರನೇ ಬೆಳಿಗ್ಗೆ ಅಕ್ಕ ಒಲೆಯ ಮುಂದೆ ರೊಟ್ಟಿ ತಟ್ಟುತ್ತಾ ಕೇಳಿದಳು.

"ಹೆಂಗಿತ್ತೇ? ರಾತ್ರಿ ಬಂದೋಳು ಮಾತೇ ಆಡಲಿಲ್ಲ."

ಹೇಳಬೇಕೆಂದು ಬಾಯಿ ತೆರೆದೆ. ತೆರೆದಾಗ ಒಂದು ಯೋಚನೆ ಬಂತು. ಚೆನ್ನಾಗಿತ್ತು ಎಂದರೆ ಇವತ್ತು ಸಂಜೆ ಅಕ್ಕ ಹೋಗುತ್ತಾಳೆ. ಇಲ್ಲ ಎಂದರೆ ಆ ಸಂಜೆ ಉಳಿಯುತ್ತದೆ. ಉಳಿದದ್ದು ಯಾರಿಗೆ?

"ಏನಿಲ್ಲ ಅಕ್ಕ. ಒಬ್ಬ ಕೊಡೆ ಹಿಡ್ಕೊಂಡು ಊರೂರು ಸುತ್ತುತಾನೆ. ಅಷ್ಟೇ."

"ಅಷ್ಟೇನಾ?"

"ಅಷ್ಟೇ. ಮಳೆ ಬಂದ್ರೂ ಕೊಡೆ ಬಿಚ್ಚಲ್ಲ."

ಅಕ್ಕ ನಕ್ಕಳು. "ಬಿಡು ಮಾರಾಯ್ತಿ, ಅಂಥ ಪೆದ್ದನ್ನ ನೋಡೋಕೆ ನಾನ್ಯಾಕೆ ಹೋಗ್ಲಿ."

ನಾನು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ನಿಜವನ್ನು ಸಪ್ಪೆ ಮಾಡಿ ಬಡಿಸಿದೆ, ಅಷ್ಟೇ. ಸಂಜೆಯಾಯಿತು. ಪಕ್ಕದಮ್ಮನಿಗೆ ಜೊತೆ ಇಲ್ಲವಂತೆ ಅಕ್ಕ, ಪಾಪ, ನಾನೇ ಹೋಗಿ ಕೂತು ಬರ್ತೀನಿ ಎಂದೆ. ಇದು ಸುಳ್ಳು. ಅಕ್ಕ ನನ್ನ ಜಡೆ ಬಿಗಿದು ಕಟ್ಟಿ ಕಳಿಸಿದಳು.

ತಮಿಳಮ್ಮ, "ಅಕ್ಕ ಬರಲ್ಲವಾ? ಅವಳ ದಿನ ಅಲ್ಲವಾ ಇವತ್ತು?" ಎಂದು ಕೇಳಿದಳು.

"ಅಕ್ಕನಿಗೆ ಅಳೋ ಪಿಕ್ಚರು ಆಗಲ್ಲ" ಎಂದೆ.

ಒಂದು ಸುಳ್ಳು ಈ ಮನೆಗೆ, ಒಂದು ಆ ಮನೆಗೆ. ಎರಡರ ನಡುವೆ ಒಂದು ಗೋಡೆ ಮಾತ್ರ. ಆವತ್ತಿನಿಂದ ಅಕ್ಕ, ತಮಿಳಮ್ಮ ಇಬ್ಬರೂ ಬಾವಿಯ ಹತ್ತಿರ ಮಾತಿಗೆ ನಿಂತರೆ ಸಾಕು, ಅಮ್ಮ ಕೆಮ್ಮುತ್ತಿದ್ದಾಳೆ ಬಾ ಎಂದು ಅಕ್ಕನನ್ನು ಕೂಗುತ್ತಿದ್ದೆ. ಅಮ್ಮ ಕೆಮ್ಮಿರುತ್ತಿರಲಿಲ್ಲ. ಅಕ್ಕ ಕೊಡ ಬಿಟ್ಟು ಓಡಿಬರುತ್ತಿದ್ದಳು.

ಒಂದು ಸಲ ಮಾತ್ರ ಕೂಗಲು ತಡವಾಯಿತು. ತಮಿಳಮ್ಮ ಗೋಡೆಯ ಮೇಲಿಂದ ಇಣುಕಿ, "ಏನಮ್ಮಾ, ನಿನಗೆ ಅಳೋ ಪಿಕ್ಚರ್ ಇಷ್ಟ ಇಲ್ಲವಂತೆ?" ಎಂದೇಬಿಟ್ಟಳು. ನಾನು ಒಳಗೆ ಅಕ್ಕಿ ಆರಿಸುತ್ತಿದ್ದೆ.

ಅಕ್ಕ ಕೈಯಲ್ಲಿದ್ದ ಕೊಡವನ್ನು ಕೆಳಗಿಟ್ಟಳು. ಆಮೇಲೆ, "ಹೌದಮ್ಮ, ಅಳೋದಕ್ಕೆ ದುಡ್ಡು ಕೊಟ್ಟು ಟೆಂಟಿಗೆ ಹೋಗಬೇಕಾ, ಮನೇಲೇ ಬೇಕಾದಷ್ಟಿದೆ" ಎಂದಳು. ಒಳಗೆ ಬಂದು ನನ್ನ ಹತ್ತಿರ ಕೂತು, "ನನ್ನ ಮನಸ್ಸು ನಿನಗೆ ಎಷ್ಟು ಚೆನ್ನಾಗಿ ಗೊತ್ತು ಕಣೇ" ಎಂದಳು.

ಅವಳು ಬೈದಿದ್ದರೆ ಆವತ್ತೇ ಎಲ್ಲ ಮುಗಿದುಹೋಗುತ್ತಿತ್ತು.

ಅಕ್ಕನಿಗೆ ಒಂದೂ ಪಿಕ್ಚರು ಚೆನ್ನಾಗಿಲ್ಲ ಎಂದು ಹೇಳುತ್ತಾ ಹೋದರೆ ಅನುಮಾನ ಬಂದೀತು ಎಂದು ಕೆಲವನ್ನು ಹೊಗಳಿ ಕಳಿಸುತ್ತಿದ್ದೆ. ಯಾವುದನ್ನು ಎರಡನೇ ಸಲ ನೋಡಲು ನನಗೇ ಇಷ್ಟವಿಲ್ಲವೋ ಅದನ್ನು. ಒಂದರಲ್ಲಿ ರಾಜನ ಅಂಟಿಸಿದ ಮೀಸೆ ಯುದ್ಧದ ಮಧ್ಯೆ ಅರ್ಧ ಕಳಚಿ ಗಾಳಿಗೆ ಆಡುತ್ತಿತ್ತು. ಇನ್ನೊಂದರಲ್ಲಿ ಒಂದೇ ಕುದುರೆ ಒಂದೇ ಗುಡ್ಡವನ್ನು ಮೊದಲಿನಿಂದ ಕೊನೆಯವರೆಗೂ ಹತ್ತಿ ಇಳಿಯುತ್ತಿತ್ತು. "ಬಹಳ ಚೆನ್ನಾಗಿದೆ ಅಕ್ಕ, ನೀನು ನೋಡಲೇಬೇಕು" ಎಂದು ಇಂಥವಕ್ಕೆ ಕಳಿಸಿದೆ. ಅಕ್ಕ ಹಬ್ಬದ ಸೀರೆ ಉಟ್ಟು, ಅಮ್ಮನ ಕಾಲು ಮುಟ್ಟಿ, ಹೂವು ಮುಡಿದು ಹೋಗುತ್ತಿದ್ದಳು.

ವಾಪಸ್ಸು ಬಂದಾಗ ಮುಖದಲ್ಲಿ ಒಂಥರಾ ಗಲಿಬಿಲಿ. ನಾನು ಒಳ್ಳೆಯದೆಂದು ಹೇಳಿದ ಮೇಲೆ ಒಳ್ಳೆಯದೇ ಇರಬೇಕು, ತನಗೆ ತಿಳಿಯಲಿಲ್ಲ ಎಂಬ ಹಾಗೆ. ಹೇಗಿತ್ತೆಂದು ಕೇಳಿದರೆ ಹುಡುಕಿ ಹುಡುಕಿ ಏನಾದರೂ ಒಂದು ಹೇಳುವಳು. "ಕುದುರೆ ಚೆನ್ನಾಗಿತ್ತು ಕಣೇ" ಎಂದಳು ಒಂದು ಸಲ. "ಎಷ್ಟು ಸಾಧು ಪ್ರಾಣಿ. ಎಷ್ಟು ಸಲ ಓಡಿಸಿದ್ರೂ ಬೇಜಾರಿಲ್ಲದೆ ಓಡ್ತು."

ಬಾವಿಯ ಹತ್ತಿರವೂ ಅಕ್ಕ ನನ್ನ ಮಾತನ್ನೇ ಹಂಚುತ್ತಿದ್ದಳು. ಬೀದಿಯ ಹೆಂಗಸರು ಅವಳನ್ನು ಕೇಳುವುದು, ಅವಳು "ನನ್ನ ತಂಗಿ ನೋಡಿದಾಳೆ, ಬೇಡವಂತೆ" ಎನ್ನುವುದು. ಓರಗಿತ್ತಿಯರ ಪಿಕ್ಚರು ಬಂದಾಗ ಎರಡನೇ ಸಂಜೆ ಹೆಂಗಸರ ಕಡೆ ನಾವು ಮೂರು ನಾಲ್ಕು ಜನ, ಒಂದು ನಾಯಿ. ಟೆಂಟಿನವನು ಪರದೆ ಸರಿಸಿ ನೋಡಿ, "ಈ ಊರಿನ ಹೆಂಗಸರಿಗೆ ಏನು ಬಂದಿದೆ?" ಎಂದು ಬೈದುಕೊಂಡು ಹೋದ. ಏನು ಬಂದಿದೆಯೋ ಅದು ನನ್ನ ರೂಪದಲ್ಲಿ ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಆರಾಮವಾಗಿ ಕೂತಿತ್ತು.

ಆ ಪಿಕ್ಚರನ್ನು ಯಾರಾದರೂ ಹುಡುಕಿಕೊಟ್ಟರೆ ಎಲ್ಲರೂ ನೋಡಬೇಕು. ಒಂದೇ ಮನೆಯ ಇಬ್ಬರು ಸೊಸೆಯರು ಜಗಳವಾಡಿ ಮಾತು ಬಿಟ್ಟಿದ್ದಾರೆ. ಏನೇ ಇದ್ದರೂ ಹಸುವಿಗೆ ಹೇಳುತ್ತಾರೆ. "ಏ ಹಸುವೇ, ಅನ್ನ ಆಗಿದೆ ಅಂತ ಅವಳಿಗೆ ಹೇಳು." "ಏ ಹಸುವೇ, ನನಗೆ ಹಸಿವಿಲ್ಲ ಅಂತ ಹೇಳು." ಹೆಂಗಸರ ಕಡೆ ಇದ್ದಷ್ಟು ಜನವೂ ಹೊಟ್ಟೆ ಹಿಡಿದು ನಕ್ಕೆವು. ಒಂದು ದಿನ ಮಾವ ಆ ಹಸುವನ್ನು ಮಾರಿಬಿಡುತ್ತಾನೆ. ಇಬ್ಬರೂ ಕೊಟ್ಟಿಗೆಗೆ ಬಂದು ಖಾಲಿ ಗೂಟದ ಎರಡು ಕಡೆ ನಿಲ್ಲುತ್ತಾರೆ. ಇಬ್ಬರಿಗೂ ಹೇಳಲು ಏನೋ ಇದೆ. ಯಾರಿಗೆ ಹೇಳುವುದು? ಅಲ್ಲಿ ಬಹಳ ಹೊತ್ತು ನಿಲ್ಲುತ್ತಾರೆ. ನಗುತ್ತಿದ್ದ ನಮಗೆ ಎಲ್ಲಿ ನಗು ನಿಂತಿತೆಂದು ಗೊತ್ತಾಗಲಿಲ್ಲ. ಕೊನೆಗೆ ಒಬ್ಬಳು ಗೂಟವನ್ನು ನೋಡಿಕೊಂಡೇ, "ಎಣ್ಣೆ ಮುಗಿದಿದೆ" ಎನ್ನುತ್ತಾಳೆ. ಅಲ್ಲಿಗೆ ಮುಗಿಯುತ್ತದೆ.

ಒಳ್ಳೆಯದನ್ನು ನೋಡಿ ಯಾರಿಗೂ ಹೇಳದೆ ಇರುವುದು ಎಂಥ ಕಷ್ಟವೆಂದು ನನಗೆ ಆಗ ಗೊತ್ತಾಯಿತು. ಅಕ್ಕನಿಗೆ ಹೇಳುವ ಹಾಗಿಲ್ಲ. ಬೀದಿಯಲ್ಲಿ ಹೇಳಿದರೆ ಅಕ್ಕನ ಕಿವಿಗೆ ಬೀಳುತ್ತದೆ. ತಮಿಳಮ್ಮ ತಾನೇ ಮಾತಾಡುವವಳು, ಕೇಳುವವಳಲ್ಲ. ಉಳಿದದ್ದು ಅಮ್ಮ. ಅಕ್ಕ ಬಾವಿಗೆ ಹೋದ ಹೊತ್ತಿನಲ್ಲಿ ಮಂಚದ ಪಕ್ಕ ಕೂತು ಎಲ್ಲವನ್ನೂ ಅವಳಿಗೆ ಹೇಳಿದೆ. ಮೇಷ್ಟ್ರು ನಡೆಯುವ ರೀತಿ, ಹಸುವಿನ ಕಿವಿ, ಎಲ್ಲ. ಅವಳಿಗೆ ಮಾತು ಬಾರದು ಎಂಬ ಧೈರ್ಯದ ಮೇಲೆ ಹೇಳಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಅಮ್ಮ ಕೇಳುತ್ತಿದ್ದಳು. ಕೊಡೆಯ ಕೊನೆ ಹೇಳಿದಾಗ ಅವಳ ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯಿತು. ಅಕ್ಕ ಕೊಡ ಇಳಿಸಿ ಬಂದವಳು, "ಯಾಕೆ ಅಮ್ಮನ ಕಣ್ಣಲ್ಲಿ ನೀರು?" ಎಂದಳು. ಒಲೆಯ ಹೊಗೆ ಎಂದೆ. ಆಗ ಅಮ್ಮ ಎಡಗೈ ಎತ್ತಿದಳು. ನಿಧಾನವಾಗಿ ಎತ್ತಿ, ಬೆರಳುಗಳನ್ನು ಅಗಲಿಸಿ, ತಲೆಯ ಮೇಲೆ ಹಿಡಿದಳು. ಹಿಡಿದುಕೊಂಡು ಅಕ್ಕನನ್ನೇ ನೋಡಿದಳು.

ಅದು ಕೊಡೆ. ನನಗೆ ಕೂಡಲೇ ತಿಳಿಯಿತು.

ಅಕ್ಕ ಮೇಲೆ ನೋಡಿದಳು. "ಹೆಂಚು ಸೋರ್ತಿದೆಯಾ ಅಮ್ಮ? ಮಳೆಗಾಲ ಮುಗಿದು ಎಷ್ಟು ದಿನ ಆಯ್ತು, ಇಬ್ಬನಿ ಏನಾದ್ರೂ ತೊಟ್ಟಿಕ್ಕುತ್ತಾ?" ಎಂದು ನನ್ನನ್ನು ಕರೆದಳು. ಇಬ್ಬರೂ ಸೇರಿ ಅಮ್ಮನ ಮಂಚವನ್ನು ಎತ್ತಿ ಕೋಣೆಯ ಈ ಕಡೆಯ ಗೋಡೆಯ ಹತ್ತಿರ ಇಟ್ಟೆವು. ಒಂದು ತುದಿ ಅಕ್ಕ ಹಿಡಿದಳು, ಒಂದು ತುದಿ ನಾನು ಹಿಡಿದೆ. ಅಮ್ಮನ ಕೈ ಇನ್ನೂ ತಲೆಯ ಮೇಲೆಯೇ ಇತ್ತು. ಆಮೇಲೆ ಅದನ್ನು ಅವಳೇ ಇಳಿಸಿಕೊಂಡಳು.

ಮರುವರ್ಷ ಅಕ್ಕನಿಗೆ ಮದುವೆ ಗೊತ್ತಾಯಿತು. ಶಿವಮೊಗ್ಗದಲ್ಲಿದ್ದ ನಮ್ಮ ಸೋದರತ್ತೆ ನೋಡಿದ ಸಂಬಂಧ. ಅಲ್ಲೇ ಅಡಿಕೆ ಮಂಡಿಯಲ್ಲಿ ಕೆಲಸದಲ್ಲಿದ್ದವರು. ಅಕ್ಕ ಹೋದ ಮೇಲೆ ಮನೆಯಲ್ಲಿ ಅಮ್ಮ, ನಾನು. ಪಾಳಿ ಬದಲಿಸಲು ಯಾರೂ ಇರುವುದಿಲ್ಲ. ಅಂದರೆ ಟೆಂಟು ನನಗೂ ಮುಗಿಯಿತು. ಮದುವೆಯ ದಿನ ಹತ್ತಿರ ಬಂದಂತೆ ಮನೆಯ ಗೋಡೆಗಳು ಹತ್ತಿರ ಸರಿಯುತ್ತಿವೆ ಎನ್ನಿಸುತ್ತಿತ್ತು. ಅಕ್ಕ ಹೋಗುತ್ತಾಳೆ ಎಂದು ಅಳುತ್ತಿದ್ದೆ, ಅತ್ತದ್ದು ಅವಳಿಗೋಸ್ಕರ ಅಲ್ಲ.

ಮದುವೆಯ ಹಿಂದಿನ ವಾರ ದೋಣಿ ಪಿಕ್ಚರು ಬಂತು. ಮೊದಲ ಸಂಜೆ ನಾನು ನೋಡಿದೆ.

ಒಬ್ಬಳು ಹೆಂಗಸು ದೋಣಿ ನಡೆಸುತ್ತಾಳೆ. ಗಂಡ ಸತ್ತ ಮೇಲೆ ಅವನ ಹುಟ್ಟನ್ನು ಅವಳೇ ಹಿಡಿದಿದ್ದಾಳೆ. ಈ ದಡದಲ್ಲಿ ಅವಳ ಗುಡಿಸಲು, ಆ ದಡದಲ್ಲಿ ಪೇಟೆ. ಊರಿನವರನ್ನೆಲ್ಲ ಆ ದಡಕ್ಕೆ ಮುಟ್ಟಿಸುತ್ತಾಳೆ, ತಾನು ಇಳಿಯುವುದಿಲ್ಲ. ಇಳಿದರೆ ಈ ದಡದಲ್ಲಿ ಕಾಯುವವರು ಕೂಗುತ್ತಾರೆ. ಬಂದವರ ಬಾಯಲ್ಲಿ ಪೇಟೆಯ ಸುದ್ದಿ ಕೇಳುತ್ತಾಳೆ, ಬಳೆಯಂಗಡಿ ಹೇಗಿದೆ, ಮಿಠಾಯಿ ಅಂಗಡಿ ಎಲ್ಲಿದೆ ಎಂದು. ಮುದುಕಿಯಾಗುತ್ತಾಳೆ. ಒಂದು ದಿನ ಈ ದಡದಲ್ಲಿ ಕಾಯುವವರು ಯಾರೂ ಇಲ್ಲ. ಅವಳು ಆ ದಡದಲ್ಲಿ ದೋಣಿ ಕಟ್ಟಿ ಇಳಿಯುತ್ತಾಳೆ. ಕಾಲಿಗೆ ನೆಲ ಹೊಸದು. ಕೇಳಿದ್ದ ಗುರುತಿನ ಮೇಲೆ ಹೋಗುತ್ತಾಳೆ, ಬಳೆಯಂಗಡಿ ಅಲ್ಲೇ ಇದೆ, ಮಿಠಾಯಿ ಅಂಗಡಿ ಅಲ್ಲೇ ಇದೆ. ಒಂದು ಮಿಠಾಯಿ ತೆಗೆದುಕೊಂಡು ಬಾಯಿಗೆ ಹಾಕಿಕೊಂಡು ನಿಲ್ಲುತ್ತಾಳೆ. ಆ ಮುಖವನ್ನು ನೋಡಬೇಕು. ನಾನು ನೋಡಿದ ಪಿಕ್ಚರುಗಳಲ್ಲೆಲ್ಲ ಅದರಂಥ ಮುಖ ಮತ್ತೆ ಕಾಣಲಿಲ್ಲ.

ಮಾರನೇ ಬೆಳಿಗ್ಗೆ ಅಕ್ಕ ನೀರಿಗೆ ಹೋದಾಗ ಅಮ್ಮನಿಗೆ ಹೇಳಲು ಕೂತೆ. ಅರ್ಧ ಹೇಳುವಷ್ಟರಲ್ಲಿ ಅಕ್ಕ ಬಂದಳು. ಕೊಡ ಇಳಿಸಿ, ಸೆರಗಿನಿಂದ ಕೈ ಒರೆಸಿಕೊಂಡು, ನಾಚಿಕೊಂಡು ಕೇಳಿದಳು.

"ಇನ್ನು ಮೇಲೆ ಟೆಂಟು ಗಿಂಟು ಎಲ್ಲ ಇಲ್ಲ ನನಗೆ. ಆ ಮನೆಯವರು ಹೆಂಗೋ ಏನೋ. ಇವತ್ತು ಒಂದಿನ ಹೋಗಿಬರ್ಲಾ? ಹೆಂಗಿದೆ ಹೇಳು. ಚೆನ್ನಾಗಿದ್ರೆ ಹೋಗ್ತೀನಿ."

ಅವಳಿಗೆ ಅದು ಕೊನೆಯ ಸಂಜೆ. ನನಗೂ ಅದು ಕೊನೆಯ ಸಂಜೆ. ಎರಡೂ ಒಂದೇ ಸಂಜೆ.

"ಚೆನ್ನಾಗಿಲ್ಲ ಅಕ್ಕ" ಎಂದೆ. "ನೀರು, ನೀರು, ಬರೀ ನೀರು. ಒಬ್ಬಳು ಮುದುಕಿ ದೋಣಿ ನಡೆಸ್ತಾಳೆ."

ಮಂಚದಿಂದ ಒಂದು ಸದ್ದು ಬಂತು. ಅಮ್ಮನ ಗಂಟಲಿನಿಂದ ಅಂಥ ಸದ್ದನ್ನು ಅದಕ್ಕೆ ಮೊದಲು ನಾವು ಕೇಳಿರಲಿಲ್ಲ. ಎಡಗೈ ಹಾಸಿಗೆಯನ್ನು ಬಡಿಯುತ್ತಿತ್ತು.

"ಏನಮ್ಮ? ನೀರಾ?" ಎಂದು ಅಕ್ಕ ಓಡಿ ಲೋಟ ತಂದಳು. ತಲೆ ಎತ್ತಿ ಹಿಡಿದು ಕುಡಿಸಿದಳು. ಅಮ್ಮ ನುಂಗಲಿಲ್ಲ. ನೀರು ಕೆನ್ನೆಯ ಮೇಲೆ ಹರಿದು ದಿಂಬು ನೆನೆಯಿತು. "ನೋಡು, ಇವಳನ್ನ ಹಿಂಗೆ ಬಿಟ್ಟು ನಾನು ಯಾವ ಪಿಕ್ಚರಿಗೆ ಹೋಗ್ಲಿ" ಎಂದಳು ಅಕ್ಕ. "ಒಳ್ಳೇದೇ ಆಯ್ತು ಬಿಡು, ಚೆನ್ನಾಗಿಲ್ಲದೆ ಇದ್ದದ್ದು."

ಸಂಜೆ ನಾನು ಹೋದೆ. ಮಿಠಾಯಿ ಬಾಯಿಗೆ ಹಾಕಿಕೊಳ್ಳುವಾಗ ಆ ಮುದುಕಿಯ ಮುಖವನ್ನು ನೋಡಲು ಹೋದವಳು, ಅದು ಬರುವಾಗ ತಲೆ ತಗ್ಗಿಸಿ ಮರಳಿನಲ್ಲಿ ಬೆರಳಾಡಿಸುತ್ತಾ ಕೂತೆ. ತಮಿಳಮ್ಮ ಮೊಣಕೈಯಿಂದ ತಿವಿದು, "ನೋಡಡೀ, ನೋಡಡೀ" ಎಂದಳು. ಕದ್ದದ್ದನ್ನೂ ನೆಟ್ಟಗೆ ತಿನ್ನಲಾಗಲಿಲ್ಲ.

ಮನೆಗೆ ಬಂದು, ಅಕ್ಕ ಹೊರಗೆ ಪಾತ್ರೆ ತೊಳೆಯುವಾಗ, ಉಳಿದರ್ಧ ಹೇಳಲು ಅಮ್ಮನ ಹತ್ತಿರ ಕೂತೆ. ಅಮ್ಮ ಕಣ್ಣು ಮುಚ್ಚಿಕೊಂಡಳು. ನಿದ್ದೆಯಲ್ಲ, ರೆಪ್ಪೆ ಅದುರುತ್ತಿತ್ತು. ಕೇಳುವುದಿಲ್ಲ ಎನ್ನಲು ಅವಳ ಕೈಯಲ್ಲಿ ಆಗುವ ಒಂದೇ ಕೆಲಸ ಅದು, ಅದನ್ನು ಮಾಡಿದಳು.

ಆಮೇಲಿನ ವರ್ಷಗಳಲ್ಲಿ ಆ ಕೋಣೆಯಲ್ಲಿ ನಾವಿಬ್ಬರೇ. ಜರ್ಮನಿಯ ಯುದ್ಧ ಶುರುವಾಗಿತ್ತು, ಕಾರ್ಖಾನೆ ಹಗಲೂ ರಾತ್ರಿ ಕೂಗುತ್ತಿತ್ತು, ನನ್ನ ಪಾಳಿ ಬದಲಾಗಲಿಲ್ಲ. ತಮಿಳಮ್ಮ ಕಿಟಕಿಯ ಹತ್ತಿರ ಬಂದು ಯಾವ ಪಿಕ್ಚರು ಬಂದಿದೆ, ಹೇಗಿದೆ ಎಂದು ಹೇಳಿ ಹೋಗುತ್ತಿದ್ದಳು. ಅವಳು ಚೆನ್ನಾಗಿದೆ ಎಂದದ್ದು ನಿಜವಾಗಿಯೂ ಚೆನ್ನಾಗಿದೆಯೋ, ಇಲ್ಲವೋ ನನಗೆ ತಿಳಿಯುವ ದಾರಿ ಇರಲಿಲ್ಲ. ಒಂದು ಮಧ್ಯಾಹ್ನ ಅಮ್ಮನ ಕೈ ಹಿಡಿದು, ತಪ್ಪಾಯಿತು ಎಂದೆ. ಅವಳು ಗೋಡೆಯ ಕಡೆ ನೋಡಿದಳು. ಯುದ್ಧ ಮುಗಿಯುವ ಮೊದಲೇ ಹೋಗಿಬಿಟ್ಟಳು. ನನ್ನನ್ನು ಭದ್ರಾವತಿಯಲ್ಲೇ ಕೊಟ್ಟರು.

ಅಮ್ಮ ಹೋದ ಮೇಲೆ ರೈಲು ಹತ್ತಿ ಶಿವಮೊಗ್ಗಕ್ಕೆ ಅಕ್ಕನ ಮನೆಗೆ ಹೋಗಲು ನನಗೆ ಬಿಡುವಾಯಿತು. ಅವಳ ಮನೆ ಒಂದು ಥಿಯೇಟರಿನ ಹಿಂದಿನ ಓಣಿಯಲ್ಲಿತ್ತು. ಅಡುಗೆಮನೆಯ ಗೋಡೆಯ ಆಚೆಗೆ ಥಿಯೇಟರಿನ ಗೋಡೆ. ಹಾಡು, ಅಳು, ಕತ್ತಿಯ ಸದ್ದು ಎಲ್ಲ ಒಗ್ಗರಣೆಯ ಜೊತೆ ಸೇರಿ ಕೇಳುತ್ತಿದ್ದವು. ಎಂಟೊಂಬತ್ತು ವರ್ಷದ ಮಗಳಿಗೆ ಎಲ್ಲ ಹಾಡೂ ಬಾಯಿಪಾಠ. ಗೋಡೆಗೆ ಕಿವಿ ಕೊಟ್ಟು ಕಲಿತದ್ದು.

"ಚಿಕ್ಕಮ್ಮ, ಅಮ್ಮ ನನ್ನ ಒಂದ್ಸಲಾನೂ ಕರ್ಕೊಂಡು ಹೋಗಿಲ್ಲ" ಎಂದು ನನ್ನ ತೊಡೆಯ ಮೇಲೆ ಬಿದ್ದು ದೂರು ಹೇಳಿದಳು. "ಅಪ್ಪ ಹೋಗಿ ಅಂದ್ರೂ ಇವಳು ಬೇಡ ಅಂತಾಳೆ."

"ಏನಿದೆ ಅದರಲ್ಲಿ?" ಎಂದಳು ಅಕ್ಕ. ಮಡಿಲಲ್ಲಿ ಚಿಕ್ಕ ಮಗು, ಕೈಯಲ್ಲಿ ಹುರುಳಿಕಾಯಿ. "ನಾನೂ ನೋಡಿದೀನಮ್ಮ. ಅದೂ ನಿಮ್ಮ ಚಿಕ್ಕಮ್ಮ ಆರಿಸಿ ಆರಿಸಿ ಕಳಿಸಿದ್ದನ್ನ. ಕೆಟ್ಟದ್ದನ್ನೆಲ್ಲ ತಾನು ಎರಡೆರಡು ಸಲ ಕೂತು ನೋಡೋಳು, ಪಕ್ಕದಮ್ಮಂಗೆ ಜೊತೆ ಬೇಕು ಅಂತ. ಒಳ್ಳೇದು ಬಂದ್ರೆ ನಂಗೆ ಬಿಟ್ಟುಕೊಡೋಳು. ಅಂಥ ತಂಗಿ ಯಾರಿಗಿದಾಳೆ ಹೇಳು. ಆದ್ರೆ ಆ ಒಳ್ಳೇವೇ ಅಷ್ಟು ಅಂದ್ಮೇಲೆ ಮಿಕ್ಕಿದ್ದು ಹೆಂಗಿರ್ಬೇಕು? ನನಗೆ ಆವಾಗ್ಲೇ ಸಾಕಾಯ್ತು."

ಒಗ್ಗರಣೆ ಸಿಡಿಯಿತು. ನಾನು ಎದ್ದು ಬಾಣಲೆಯನ್ನು ಇಳಿಸಿದೆ, ಅದನ್ನು ಇಳಿಸುವ ಹೊತ್ತಾಗಿರಲಿಲ್ಲ.

ಆಗಲೇ ಹೇಳಬೇಕಿತ್ತು. ಹೇಳಿದರೆ ಪಿಕ್ಚರು ಒಳ್ಳೆಯವೆಂದು ಅವಳಿಗೆ ತಿಳಿಯುತ್ತಿತ್ತು, ಮಗಳು ಥಿಯೇಟರು ನೋಡುತ್ತಿದ್ದಳು. ಆದರೆ ಒಳ್ಳೆಯದನ್ನೆಲ್ಲ ತನಗೆ ಬಿಟ್ಟುಕೊಟ್ಟ ತಂಗಿ ಹೋಗಿಬಿಡುತ್ತಿದ್ದಳು. ಅವಳ ಆ ವರ್ಷಗಳಲ್ಲಿ ಅವಳಿಗೆ ಉಳಿದಿದ್ದ ಸಿಹಿ ಅದೊಂದೇ. ಸಂಜೆಗಳನ್ನು ಕದ್ದದ್ದಾಯಿತು, ಇದನ್ನೂ ಕಿತ್ತುಕೊಳ್ಳಲೇ? ಅಥವಾ ಇದೆಲ್ಲ ನೆಪ, ನನಗೆ ಹೆದರಿಕೆ, ಅಷ್ಟೇ. ಎರಡರಲ್ಲಿ ಯಾವುದು ಎಂದು ಅಕ್ಕ ಇರುವವರೆಗೂ ನನಗೆ ತೀರ್ಮಾನವಾಗಲಿಲ್ಲ. ಈಗ ಅವಳಿಲ್ಲ, ಈಗಲೂ ಆಗಿಲ್ಲ.

ಆವತ್ತು ನಾನು ಹೇಳಿದ್ದು ಬೇರೆ.

"ಅಕ್ಕ, ಈಗ ಈ ಥಿಯೇಟರಿನಲ್ಲಿ ನಡೀತಿದೆಯಲ್ಲ, ಇದು ಬಹಳ ಚೆನ್ನಾಗಿದೆ. ಮಗಳನ್ನ ಕರ್ಕೊಂಡು ನೀನೂ ಹೋಗು. ಪಾಪುನ ನಾನು ನೋಡ್ಕೋತೀನಿ."

"ನೀನು ನೋಡಿದೀಯಾ?"

"ನೋಡಿದೀನಿ" ಎಂದೆ. ನೋಡಿರಲಿಲ್ಲ. ಅದರ ಹೆಸರೂ ನನಗೆ ಗೊತ್ತಿರಲಿಲ್ಲ. ಗೋಡೆಯ ಆಚೆಯಿಂದ ಬೆಳಿಗ್ಗೆ ಒಂದು ಹಾಡು ಕೇಳಿತ್ತು, ಇಂಪಾಗಿತ್ತು, ಅಷ್ಟರ ಮೇಲೆ ಹೇಳಿದೆ.

ಅಕ್ಕ ನನ್ನ ಮುಖ ನೋಡಿದಳು. "ನೀನು ಹೇಳಿದ ಮೇಲೆ ಸರಿ" ಎಂದಳು. ಪೆಟ್ಟಿಗೆಯಿಂದ ಸೀರೆ ತೆಗೆದಳು, ಹೂವು ಮುಡಿದಳು. ಮಗಳು ಓಣಿಯ ಕೊನೆಯವರೆಗೂ ಕುಣಿಯುತ್ತಾ ಹೋದಳು.

ನಾನು ಮಗುವನ್ನು ತೊಟ್ಟಿಲಿಗೆ ಹಾಕಿ ಅಡುಗೆಮನೆಯಲ್ಲಿ ಕೂತೆ. ಮನೆಯಲ್ಲಿ ಕೂರುವ ಪಾಳಿ ನನ್ನದು, ಹೋಗುವ ಪಾಳಿ ಅಕ್ಕನದು. ಕೊನೆಗೂ ಸರಿಯಾಯಿತು ಎಂದುಕೊಂಡೆ. ಗೋಡೆಯ ಆಚೆ ಗಂಟೆ ಹೊಡೆಯಿತು. ಆ ಇಂಪಾದ ಹಾಡು ಬಂತು, ಬೇಗ ಮುಗಿಯಿತು. ಆಮೇಲೆ ಟಕ್ ಟಕ್ ಎಂದು ಗೊರಸಿನ ಸದ್ದು ಶುರುವಾಯಿತು. ಯಾರೋ ಆರ್ಭಟಿಸಿದರು, ಕತ್ತಿ ಬಡಿದವು, ಮತ್ತೆ ಗೊರಸು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಗೊರಸು. ಎದ್ದು ಹೋಗಿ ಅಕ್ಕನನ್ನು ಕರೆದುಕೊಂಡು ಬರೋಣವೆನ್ನಿಸಿತು, ತೊಟ್ಟಿಲಲ್ಲಿ ಮಗು. ಕಿವಿ ಮುಚ್ಚಿಕೊಂಡರೂ ಗೋಡೆಗೆ ಒರಗಿದ ಬೆನ್ನಿಗೆ ಕುದುರೆ ಓಡುವುದು ಗೊತ್ತಾಗುತ್ತಿತ್ತು.

ಪಿಕ್ಚರು ಬಿಟ್ಟಾಗ ಮಗಳು ಮೊದಲು ಓಡಿಬಂದಳು. ಕಣ್ಣು ಹೊಳೆಯುತ್ತಿತ್ತು, ಒಲೆಯ ಊದುಗೊಳವೆಯನ್ನು ಕತ್ತಿಯ ಹಾಗೆ ಬೀಸುತ್ತಾ ಮನೆಯೆಲ್ಲ ಸುತ್ತಿದಳು. ಅಕ್ಕ ಹಿಂದಿನಿಂದ ಬಂದು, ಚಪ್ಪಲಿ ಬಿಟ್ಟು, ಕಂಬಕ್ಕೆ ಒರಗಿ ಕೂತಳು. ಹಣೆಯಲ್ಲಿ ಬೆವರು. ಅದೇ ಹಳೆಯ ಗಲಿಬಿಲಿಯ ಮುಖ.

"ಹೆಂಗಿತ್ತು ಅಕ್ಕ?" ಎಂದೆ. ಕೇಳದೆ ಇರಲು ಆಗಲಿಲ್ಲ.

ಅವಳು ಯೋಚಿಸಿದಳು. ನನಗೆ ಬೇಜಾರಾಗದ ಹಾಗೆ ಏನಾದರೂ ಸಿಗುತ್ತದೆಯೇ ಎಂದು ಹುಡುಕುತ್ತಿದ್ದಳು. ಸಿಕ್ಕಿತು.

"ಕುದುರೆ ಚೆನ್ನಾಗಿತ್ತು ಕಣೇ" ಎಂದಳು. ಆಮೇಲೆ, "ನಿನಗೆ ಅದರಲ್ಲಿ ಯಾವುದು ಹಿಡಿಸ್ತು?" ಎಂದು ಕೇಳಿದಳು.

"ನನಗೂ ಕುದುರೆನೇ ಅಕ್ಕ" ಎಂದೆ.